ಪಾಯಸದಂಥ ಕಾಕ್‌ಟೇಲ್ ಮನೆಯಲ್ಲೇ ಮಾಡುವುದು ಹೇಗೆ? ಕಾಯಿಹಾಲೋ, ಕ್ರೀಮೋ?

ಕುಂಬ್ಳೆ ಕಡಲು
ಡಿಸೆಂಬರ್ 31ಕ್ಕೆ ನಮ್ಮ ಮನೆಯಲ್ಲಿ ಹತ್ತು ಜನ ಸೇರುತ್ತೇವೆ. ಹಳೇ ದೋಸ್ತಿಗಳು, ಎಲ್ಲರೂ ಮೂವತ್ತು ದಾಟಿದವರು. ಊಟಕ್ಕೆ ನೀರುದೋಸೆ, ಕೋಳಿ ಸುಕ್ಕ. ಅದಾದ ಮೇಲೆ ಐಸ್‌ಕ್ರೀಮ್ ಕೊಡುವುದು ಪ್ರತಿ ವರ್ಷದ ಕಥೆ. ಈ ಸಲ ಒಂದೊಂದು ಸಣ್ಣ ಗ್ಲಾಸ್ ಸಿಹಿ ಕಾಕ್‌ಟೇಲ್ ಕೊಟ್ಟರೆ ಹೇಗೆ ಅಂತ ಯೋಚನೆ. ಪಾಯಸ ಕುಡಿದ ಹಾಗೆ ದಪ್ಪಗೆ ಇರಬೇಕು, ಆದರೆ ಒಳಗೆ ರಮ್ ಇದೆ ಅಂತಲೂ ಗೊತ್ತಾಗಬೇಕು.

ಯಾವ ರೆಸಿಪಿ ತೆಗೆದರೂ ಬೈಲೀಸ್, ಕಲುವಾ, ಕ್ರೆಮ್ ಡಿ ಕಕಾವೊ ಅಂತ ಲಿಕ್ಯೂರ್ (ಕೆನೆ, ಕಾಫಿ, ಚಾಕಲೇಟ್ ರುಚಿಯ ಸಿಹಿ ಮದ್ಯ) ಹೆಸರು ಬರೆದಿರುತ್ತದೆ. ನಮ್ಮ ಕಾಸರಗೋಡು ಕಡೆ ಅವು ಸುಲಭಕ್ಕೆ ಸಿಗುವುದಿಲ್ಲ. ಗಲ್ಫಿನಲ್ಲಿರುವ ಭಾವ ಬರುವಾಗ ಡ್ಯೂಟಿ ಫ್ರೀಯಿಂದ ತರುತ್ತಿದ್ದರು, ಈ ಸಲ ಅವರಿಗೆ ರಜೆ ಇಲ್ಲ. ನನ್ನ ಹತ್ತಿರ ಇರುವುದು ರಮ್, ಬ್ರಾಂಡಿ, ಸ್ವಲ್ಪ ವೋಡ್ಕಾ. ಜೊತೆಗೆ ತೋಟದ ತೆಂಗಿನಕಾಯಿ, ಭರಣಿಯಲ್ಲಿ ಹಲಸಿನ ಹಣ್ಣಿನ ಪೆರಟಿ (ಬೆಲ್ಲ ಹಾಕಿ ಗಟ್ಟಿಯಾಗಿ ಕಾಯಿಸಿಟ್ಟ ಹಣ್ಣು), ಬೆಲ್ಲ, ಏಲಕ್ಕಿ. ಇಷ್ಟರಲ್ಲಿ ಏನು ಮಾಡಬಹುದು? ಹಾಲು ಹಾಕಿದರೆ ಒಡೆಯುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಅದು ಯಾವಾಗ ಒಡೆಯುತ್ತದೆ, ಯಾವಾಗ ಇಲ್ಲ?

ದುಬೈ ಕೌಂಟರ್, ಉಪ್ಪಳ
ಹೋಟೆಲ್ ಬಾರಿನಲ್ಲಿ ಕೆಲಸ ಮಾಡಿದವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹೆಸರುಗಳಿಗೆ ಹೆದರಬೇಡಿ. ಈ ಜಾತಿಯ ಡ್ರಿಂಕ್‌ಗಳಲ್ಲಿ ಇರುವುದು ಮೂರೇ: ಒಂದು ಸ್ಟ್ರಾಂಗ್, ಒಂದು ಸಿಹಿ, ಒಂದು ಕೆನೆ. ಬ್ರಾಂಡಿ ಅಲೆಕ್ಸಾಂಡರ್ ಅಂದರೆ ಬ್ರಾಂಡಿ, ಚಾಕಲೇಟ್ ಲಿಕ್ಯೂರ್, ಕ್ರೀಮ್, ಮೂರೂ 30 ಎಂಎಲ್. ಮೇಲೆ ಜಾಯಿಕಾಯಿ ತುರಿದು ಉದುರಿಸುತ್ತಾರೆ. ವೈಟ್ ರಷ್ಯನ್ ಅಂದರೆ ವೋಡ್ಕಾ, ಕಾಫಿ ಲಿಕ್ಯೂರ್, ಕ್ರೀಮ್. ಗ್ರಾಸ್‌ಹಾಪರ್ ಅಂದರೆ ಪುದೀನಾ ಲಿಕ್ಯೂರ್, ಚಾಕಲೇಟ್ ಲಿಕ್ಯೂರ್, ಕ್ರೀಮ್. ಅದು ನನಗೆ ಟೂತ್‌ಪೇಸ್ಟ್ ನೆನಪು ಮಾಡುತ್ತದೆ, ಬಿಟ್ಟುಬಿಡಿ.

ಲಿಕ್ಯೂರ್ ಇಲ್ಲದಿದ್ದರೆ ಅದರ ಜಾಗಕ್ಕೆ ಗಟ್ಟಿ ಪಾಕ ಹಾಕಿ. 200 ಎಂಎಲ್ ನೀರು, 200 ಗ್ರಾಂ ಸಕ್ಕರೆ, 25 ಗ್ರಾಂ ಕೋಕೋ ಪುಡಿ, ಒಂದು ಚಿಟಿಕೆ ಉಪ್ಪು. ಗಂಟಿಲ್ಲದ ಹಾಗೆ ಕಲಸಿ ಎರಡು ನಿಮಿಷ ಕುದಿಸಿ, ಸೋಸಿ, ತಣಿಸಿ. ಬ್ರಾಂಡಿ 45, ಈ ಪಾಕ 20, ಕ್ರೀಮ್ 30 ಎಂಎಲ್. ಲಿಕ್ಯೂರಿನಲ್ಲಿ ಇರುವ ಆಲ್ಕೋಹಾಲ್ ಪಾಕದಲ್ಲಿ ಇಲ್ಲ, ಅದಕ್ಕೇ ಬ್ರಾಂಡಿ ಜಾಸ್ತಿ ಮಾಡಿದ್ದು.

ಕ್ರೀಮ್ ಅಂದರೆ ಕ್ರೀಮೇ, ಹಾಲಲ್ಲ. ಅಂಗಡಿಯಲ್ಲಿ ಸಿಗುವ ಅಮುಲ್ ಫ್ರೆಶ್ ಕ್ರೀಮಿನಲ್ಲಿ 25 ಶೇಕಡಾ ಕೊಬ್ಬು ಇದೆ. ಬೀಟ್ ಮಾಡಿದರೆ ಕೇಕಿನ ಮೇಲೆ ನಿಲ್ಲುವಷ್ಟು ಗಟ್ಟಿ ಆಗುವುದಿಲ್ಲ, ಆದರೆ ಕಾಕ್‌ಟೇಲಿಗೆ ಧಾರಾಳ ಸಾಕು. ಒಡೆಯುವುದು ಹಾಲಿನ ಪ್ರೋಟೀನು, ಕೊಬ್ಬಲ್ಲ. ಕ್ರೀಮಿನಲ್ಲಿ ಕೊಬ್ಬು ಜಾಸ್ತಿ, ಪ್ರೋಟೀನು ಕಡಿಮೆ, ಅದಕ್ಕೇ ಅದು ತಡೆಯುತ್ತದೆ. ಹುಳಿ ಮಾತ್ರ ಹತ್ತಿರ ಬರಬಾರದು. ಕೇಸಿನ್ ಅನ್ನುವ ಪ್ರೋಟೀನ್ ಪಿಎಚ್ (ಹುಳಿಯ ಅಳತೆ, ಅಂಕೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.6ರ ಹತ್ತಿರ ಗಂಟು ಕಟ್ಟುತ್ತದೆ. ಲಿಂಬೆರಸದ ಪಿಎಚ್ 2ಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಎರಡು ಹನಿ ಬಿದ್ದರೂ ಗ್ಲಾಸಿನ ಅಂಚಿನಲ್ಲಿ ಹರಳು ಕಾಣುತ್ತದೆ.

ಹೊಸೂರು ಫಿಲ್ಟರ್
ನಮ್ಮ ಹೊಸೂರಿನಲ್ಲಿ ಟಾಸ್ಮಾಕ್ (ತಮಿಳುನಾಡು ಸರಕಾರದ ಮದ್ಯದಂಗಡಿ) ಬಿಟ್ಟರೆ ಬೇರೆ ಅಂಗಡಿ ಇಲ್ಲ, ಅಲ್ಲಿ ಕಾಫಿ ಲಿಕ್ಯೂರ್ ಕೇಳುವುದು ಸುಮ್ನೆ. ಆದರೆ ಮನೆಯಲ್ಲಿ ಫಿಲ್ಟರ್ ಇದೆಯಲ್ವಾ!

ರಾತ್ರಿ ಮಲಗುವ ಮೊದಲು ಫಿಲ್ಟರಿಗೆ ಪುಡಿ ಒತ್ತಿ ತುಂಬಿ. ಮೊದಲ ಡಿಕಾಕ್ಷನ್ ಮಾತ್ರ ತೆಗೆದುಕೊಳ್ಳಿ, ಎರಡನೆಯದ್ದು ಬೆಳಗ್ಗಿನ ಕಾಫಿಗೆ ಇರಲಿ. 100 ಎಂಎಲ್ ಡಿಕಾಕ್ಷನ್ನಿಗೆ 100 ಗ್ರಾಂ ಸಕ್ಕರೆ, ಬಿಸಿ ಇರುವಾಗಲೇ ಕರಗಿಸಿ. ತಣಿದ ಮೇಲೆ ಸ್ವಲ್ಪ ವೋಡ್ಕಾ ಸೇರಿಸಿದರೆ ಕಾಫಿ ಲಿಕ್ಯೂರಿನ ಕೆಲಸ ಮಾಡುತ್ತದೆ. ಚಿಕೋರಿ ಹಾಕಿದ ಪುಡಿಯೇ ಇದಕ್ಕೆ ಒಳ್ಳೆಯದು ಅಂತ ನನ್ನ ವಾದ. ದಪ್ಪ ಬರುತ್ತದೆ, ಬಣ್ಣ ಬರುತ್ತದೆ, ಆ ಸ್ವಲ್ಪ ಸುಟ್ಟ ಕಹಿ ಕ್ರೀಮಿನ ಜೊತೆ ಚೆನ್ನಾಗಿ ಹೊಂದುತ್ತದೆ. ಅಪ್ಪಟ ಕಾಫಿ ಅಭಿಮಾನಿಗಳು ಬೈಯಬಹುದು, ಬೈಯಲಿ.

ಕಾಫಿಯ ಪಿಎಚ್ 5ರ ಆಸುಪಾಸು. ಹಾಗಾಗಿ ಕ್ರೀಮ್ ಒಡೆಯುವ ಭಯ ಇಲ್ಲ. ವೋಡ್ಕಾ 50, ಕಾಫಿ ಪಾಕ 20 ಎಂಎಲ್ ಐಸಿನ ಮೇಲೆ ಹಾಕಿ ಕಲಕಿ. ಕ್ರೀಮನ್ನು ಚಮಚದ ಬೆನ್ನಿನ ಮೇಲೆ ನಿಧಾನಕ್ಕೆ ಬಿಡಿ, ತೇಲುತ್ತದೆ. ಕ್ರೀಮ್ ತೀರಾ ನೀರಾಗಿದ್ದರೆ ಮೊದಲೇ ಒಂದು ಬಾಟಲಿಗೆ ಹಾಕಿ ಕುಲುಕಿ, ಸ್ವಲ್ಪ ದಪ್ಪ ಆಗುತ್ತದೆ.

ಮೀಂಜದ ಮೇಷ್ಟ್ರು
ಗಡಿನಾಡಿನ ಕನ್ನಡ ಶಾಲೆಗಳ ಬಗ್ಗೆ ಮಾತಾಡಬೇಕಾದ ಜಾಗದಲ್ಲಿ ಈಗ ಇದೊಂದು ಬಾಕಿ ಇತ್ತು. ಮಕ್ಕಳೂ ಓದುತ್ತಾರೆ, ಸ್ವಲ್ಪ ಯೋಚನೆ ಮಾಡಿ.

ನಿರ್ವಾಹಕ
ಮೇಷ್ಟ್ರೇ, ಇದು ಅಡುಗೆ ವಿಭಾಗ, ಶಾಲೆಯ ಚರ್ಚೆ ಅದರ ವಿಭಾಗದಲ್ಲಿ ನಡೆಯುತ್ತಲೇ ಇದೆ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಈ ಎಳೆಗೆ ವಯಸ್ಕರಿಗೆ ಮಾತ್ರ ಅಂತ ಗುರುತು ಹಾಕಿದ್ದೇನೆ. ಎಲ್ಲರಿಗೂ ನೆನಪಿರಲಿ: ಕೇರಳದಲ್ಲಿ ಮದ್ಯ ಕೊಳ್ಳಲು, ಕುಡಿಯಲು 23 ವರ್ಷ ಆಗಿರಬೇಕು. ಮಹಾರಾಷ್ಟ್ರದಲ್ಲಿ ರಮ್, ಬ್ರಾಂಡಿಯಂಥದ್ದಕ್ಕೆ 25, ಮೇಲೆ ಪರ್ಮಿಟ್ ಬೇರೆ.

ಇನ್ನೊಂದು, ತಲಪಾಡಿ ದಾಟಿ ಮಂಗಳೂರಿನಿಂದ ಕಡಿಮೆಗೆ ತನ್ನಿ ಅಂತ ಯಾರೋ ಬರೆದದ್ದನ್ನು ತೆಗೆದುಹಾಕಿದ್ದೇನೆ. ಹೊರ ರಾಜ್ಯದ ಬಾಟಲಿ ಹೀಗೆ ತಂದರೆ ಇಲ್ಲಿ ಕೇರಳದಲ್ಲಿ ಅಬಕಾರಿ ಕೇಸು. ಮಂಜೇಶ್ವರದಲ್ಲಿ ಚೆಕ್‌ಪೋಸ್ಟ್ ಇರುವುದು ಎಲ್ಲರಿಗೂ ಗೊತ್ತು.

ನೀರ್ಚಾಲು ಅಡುಗೆ ಭಟ್ರು
ನಾನು ಕುಡಿಯುವವನಲ್ಲ. ಆದರೆ ಹಾಲು ಒಡೆಯುವ ಪ್ರಶ್ನೆ ಬಂದ ಮೇಲೆ ಸುಮ್ಮನಿರಲು ಆಗುವುದಿಲ್ಲ. ಸದ್ಯ (ಕೇರಳದ ಹಬ್ಬದೂಟದ ಸದ್ಯವೇ!) ನಮಗೆ ಅದೇ ಕೆಲಸ.

ಕುಂಬ್ಳೆಯವರೇ, ನಿಮ್ಮ ಉತ್ತರ ಪಾಯಸದಲ್ಲೇ ಇದೆ. ಸಕ್ಕರೆ ಪಾಯಸಕ್ಕೆ ದನದ ಹಾಲು, ಬೆಲ್ಲದ ಪಾಯಸಕ್ಕೆ ಕಾಯಿಹಾಲು. ಇದನ್ನು ಅದಲು ಬದಲು ಮಾಡಿ ನೋಡಿ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಕ್ಷಣದಲ್ಲಿ ಒಡೆದು ನೀರು ಬೇರೆ, ಗಂಟು ಬೇರೆ. ಬೆಲ್ಲದಲ್ಲಿ ಸಣ್ಣಗೆ ಹುಳಿ ಇದೆ, ಉಪ್ಪಿನ ಅಂಶ ಇದೆ. ಕಾಯಿಹಾಲಿಗೆ ಆ ಹಠ ಇಲ್ಲ. ಅದಕ್ಕೇ ಪಾಲಡೆಗೆ ಸಕ್ಕರೆ ಮತ್ತು ಹಾಲು, ಅಡ ಪ್ರಥಮನ್ನಿಗೆ ಬೆಲ್ಲ ಮತ್ತು ಕಾಯಿಹಾಲು.

ಕಾಯಿಹಾಲಿನಲ್ಲೂ ಕ್ರಮ ಇದೆ. ತುರಿಯನ್ನು ಮೊದಲ ಸಲ ಹಿಂಡಿದ್ದು ಮೊದಲ, ಅಂದರೆ ಗಟ್ಟಿ ಹಾಲು; ಅದೇ ತುರಿಗೆ ನೀರು ಹಾಕಿ ಮತ್ತೆ ಮತ್ತೆ ಹಿಂಡಿದ್ದು ಎರಡನೇ, ಮೂರನೇ ಹಾಲು. ಮೂರನೇ ಹಾಲಿನಲ್ಲಿ ಬೇಯಿಸುವುದು, ಎರಡನೇ ಹಾಲಿನಲ್ಲಿ ಕುದಿಸುವುದು, ಮೊದಲ ಹಾಲು ಒಲೆಯಿಂದ ಇಳಿಸಿದ ಮೇಲೆ. ಗಟ್ಟಿ ಹಾಲನ್ನು ಕುದಿಸಿದರೆ ಎಣ್ಣೆ ಬಿಡುತ್ತದೆ. ಕೊನೆಗೆ ಏಲಕ್ಕಿ, ಒಣಶುಂಠಿ ಪುಡಿ, ಸ್ವಲ್ಪ ಹುರಿದ ಜೀರಿಗೆ ಪುಡಿ. ನೀವು ರಮ್ಮೋ ಗಿಮ್ಮೋ ಹಾಕುವುದಿದ್ದರೆ ಅದು ತಣಿದ ಮೇಲೆ, ಗಟ್ಟಿ ಹಾಲಿನ ಜೊತೆ ಅಂತ ನನ್ನ ಲೆಕ್ಕ. ರುಚಿ ನೋಡಿ ಹೇಳಲು ನನ್ನಿಂದಾಗದು, ಉಳಿದವರು ಹೇಳಲಿ.

ಕುಂಬ್ಳೆ ಕಡಲು
ಭಟ್ರೇ, ಬಹಳ ಖುಷಿಯಾಯಿತು. ಹಾಗಾದರೆ ಪೆರಟಿ, ಕಾಯಿಹಾಲು, ರಮ್ ಒಂದು ದಾರಿ. ಬ್ರಾಂಡಿ, ಸಕ್ಕರೆ, ಕ್ರೀಮ್ ಇನ್ನೊಂದು ದಾರಿ. ಎರಡನ್ನೂ ಬೆರೆಸಬಾರದು, ಅಲ್ವಾ?

ದುಬೈ ಕೌಂಟರ್, ಉಪ್ಪಳ
ಭಟ್ರ ಲೆಕ್ಕ ಒಲೆಯ ಮೇಲೆ ಸರಿ. ಐಸಿನಲ್ಲಿ ಕಾಯಿಹಾಲು ಬೇರೆ ಆಟ ಆಡುತ್ತದೆ, ಅದನ್ನೂ ಹೇಳಬೇಕು.

ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಬಾಟಲಿಯ ಎಣ್ಣೆ ಬೆಳಗ್ಗೆ ಬೆಳ್ಳಗೆ ಕೂತಿರುತ್ತದಲ್ಲ, ಅದೇ. ಈಗ ಹಿಂಡಿದ ಗಟ್ಟಿ ಹಾಲನ್ನು ಶೇಕರಿಗೆ ಹಾಕಿ ಐಸಿನ ಜೊತೆ ಕುಲುಕಿದರೆ ಕೊಬ್ಬು ಸಣ್ಣ ಸಣ್ಣ ಕಾಳಾಗಿ ತೇಲುತ್ತದೆ. ನೋಡಿದವರು ಒಡೆದಿದೆ ಅನ್ನುತ್ತಾರೆ. ಅದು ಒಡೆದದ್ದಲ್ಲ, ಹೆಪ್ಪುಗಟ್ಟಿದ ಎಣ್ಣೆ. ಆದರೆ ನಾಲಿಗೆಗೆ ಮೇಣದ ಹಾಗೆ ಅಂಟುತ್ತದೆ, ಯಾರೂ ಎರಡನೇ ಸಲ ಕೇಳುವುದಿಲ್ಲ.

ಬಾರಿನಲ್ಲಿ ನಾವು ಡಬ್ಬದ ಕೋಕನಟ್ ಕ್ರೀಮ್ ಬಳಸುವುದು ಇದಕ್ಕೇ. ಅದರಲ್ಲಿ ಕೊಬ್ಬು ಬೇರೆಯಾಗದ ಹಾಗೆ ಹಿಡಿದಿಡುವ ವಸ್ತು ಸೇರಿಸಿರುತ್ತಾರೆ. ಪಿನ ಕೊಲಾಡ (ರಮ್, ಕೋಕನಟ್ ಕ್ರೀಮ್, ಅನಾನಸು ರಸದ ಕಾಕ್‌ಟೇಲ್) 1954ರಲ್ಲಿ ಪೋರ್ಟರಿಕೋದ ಸಾನ್ ಹುವಾನಿನ ಕರೀಬ್ ಹಿಲ್ಟನ್ ಹೋಟೆಲಿನಲ್ಲಿ ಹುಟ್ಟಿತು ಅಂತ ಆ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಡಬ್ಬದ ಸಿಹಿ ಕೋಕನಟ್ ಕ್ರೀಮ್ ಬಂದ ಮೇಲೆಯೇ ಆ ಡ್ರಿಂಕ್ ಊರೂರಿಗೆ ಹಬ್ಬಿದ್ದು. ಪ್ರತಿ ಗ್ಲಾಸಿಗೆ ಕಾಯಿ ತುರಿಯುವ ಬಾರ್ ಯಾವುದಿದೆ ಹೇಳಿ. ನನ್ನನ್ನು ಕೇಳಿದರೆ ಪ್ಯಾಕೆಟ್ ಕಾಯಿಹಾಲೇ ವಾಸಿ.

ಮುಳ್ಳೇರಿಯ ಅಕ್ಕ
ತೋಟದಲ್ಲಿ ಕಾಯಿ ಬಿದ್ದಿರುವಾಗ ಪ್ಯಾಕೆಟ್ ತರಬೇಕಾ ತಮ್ಮಾ? ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ, ನಾವು ಕಾಯಿಹಾಲಿಗೆ ಪ್ಯಾಕೆಟ್ ಕತ್ತರಿಸಿದರೆ ಅಲ್ಲಿನ ತೆಂಗು ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ನಗುತ್ತಾರೆ.

ನಿನ್ನ ಕಾಳಿನ ಕಥೆ ನಿಜ, ಒಪ್ಪಿದೆ. ದಾರಿ ಇದೆ. ಶೇಕರ್ ಬೇಡ, ಮಿಕ್ಸಿ ಸಾಕು. ಮತ್ತೆ ಒಂಟಿ ಕಾಯಿಹಾಲು ಬೇಡ, ಅದಕ್ಕೆ ಹಿಡಿತ ಕೊಡುವ ಏನಾದರೂ ಬೇಕು. ನಾನು ಹಾಕುವುದು ಬನ್ನಂಗಾಯಿಯ ತಿರುಳು. ಬೊಂಡವೂ ಅಲ್ಲ, ಕಾಯಿಯೂ ಅಲ್ಲ, ಚಮಚದಲ್ಲಿ ಕೆರೆದರೆ ಬರುವಷ್ಟು ಮೆತ್ತಗಿರಬೇಕು. ಅದನ್ನು ನುಣ್ಣಗೆ ಅರೆದರೆ ಬೆಣ್ಣೆಯ ಹಾಗೆ ಆಗುತ್ತದೆ, ಕೊಬ್ಬನ್ನು ಬೇರೆಯಾಗಲು ಬಿಡುವುದಿಲ್ಲ. ಪೆರಟಿಯೂ ಅದೇ ಕೆಲಸ ಮಾಡುತ್ತದೆ, ಹಣ್ಣಿನ ನಾರು ಇದೆಯಲ್ಲ.

ನಾನು ಮಾಡುವ ಅಳತೆ ಹತ್ತು ಸಣ್ಣ ಗ್ಲಾಸಿಗೆ:

ಪೆರಟಿ 200 ಗ್ರಾಂ. ಎರಡನೇ ಹಾಲು 200 ಎಂಎಲ್. ಗಟ್ಟಿ ಹಾಲು 400 ಎಂಎಲ್, ಇದಕ್ಕೆ ಎರಡು ಮೂರು ಒಳ್ಳೆಯ ಕಾಯಿ ಬೇಕಾಗುತ್ತದೆ. ಒಂದು ಬನ್ನಂಗಾಯಿಯ ತಿರುಳು. ರಮ್ ಒಂದು ಹಾಫ್, ಅಂದರೆ 375 ಎಂಎಲ್. ಏಲಕ್ಕಿ, ಒಣಶುಂಠಿ, ಒಂದು ಚಿಟಿಕೆ ಉಪ್ಪು.

ಪೆರಟಿಯನ್ನು ಎರಡನೇ ಹಾಲಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಇಳಿಸಿ, ಪೂರ್ತಿ ತಣಿಸಿ. ತಿರುಳಿನ ಜೊತೆ ಮಿಕ್ಸಿಯಲ್ಲಿ ಅರೆದು ಸೋಸಿ. ಹಲಸಿನ ನಾರು ಗಂಟಲಿಗೆ ಸಿಕ್ಕಿದರೆ ಮಜಾ ಹೋಗುತ್ತದೆ, ಹಾಗಾಗಿ ಸೋಸುವುದರಲ್ಲಿ ಸೋಮಾರಿತನ ಬೇಡ. ಆಮೇಲೆ ಗಟ್ಟಿ ಹಾಲು, ಕೊನೆಗೆ ರಮ್, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕೈಯಲ್ಲಿ ಕಲಕಿ. ಕೊಡುವಾಗ ಎರಡೆರಡು ಗ್ಲಾಸಿನಷ್ಟು ಮಿಶ್ರಣಕ್ಕೆ ಒಂದು ಹಿಡಿ ಐಸ್ ಹಾಕಿ ಮಿಕ್ಸಿ ತಿರುಗಿಸಿ, ಕೂಡಲೇ ಕೊಡಿ. ಮೊದಲೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಉಪ್ಪಳದ ತಮ್ಮ ಹೇಳಿದ ಕಾಳು ಗ್ಯಾರಂಟಿ. ಹಾಗಂತ ಹೊರಗೆ ಬಹಳ ಹೊತ್ತು ಇಟ್ಟರೂ ಹಿಂಡಿದ ಹಾಲು ಹಳಸುತ್ತದೆ. ಸಂಜೆಯೇ ಹಿಂಡಿ.

ಒಂದು ಮಾತು. ಪೆರಟಿಗೆ ತುಪ್ಪ ಹಾಕಿ ಕಾಯಿಸಿದ್ದಾರಾ ಕೇಳಿಕೊಳ್ಳಿ. ತುಪ್ಪ ಇದ್ದರೆ ಐಸಿಗೆ ಅದೂ ಹೆಪ್ಪುಗಟ್ಟುತ್ತದೆ. ತುಪ್ಪ ಇಲ್ಲದ ಪೆರಟಿ ಬೇಕು.

ದುಬೈ ಕೌಂಟರ್, ಉಪ್ಪಳ
ಅಕ್ಕಾ, ಬನ್ನಂಗಾಯಿ ಐಡಿಯಾಕ್ಕೆ ಶರಣು. ಬಾರಿನಲ್ಲಿ ನಮಗೆ ಇದು ಹೊಳೆಯಲಿಲ್ಲ. ಆದರೂ ಪ್ಯಾಕೆಟ್ ಬೇಡವೇ ಬೇಡ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಕಾಯಿ ತುರಿಯಲು ಜನ ಇಲ್ಲದ ಮನೆಗಳೂ ಇವೆ. ಫ್ಲಾಟಿನಲ್ಲಿರುವವರು ಪ್ಯಾಕೆಟ್ ಹಾಲಿಗೆ ಎರಡು ಚಮಚ ಸಕ್ಕರೆ ಹಾಕಿ ಬತ್ತಿಸಿದ ಹಾಲು, ಅಂದರೆ ಮಿಲ್ಕ್‌ಮೇಡ್ ಸೇರಿಸಿದರೆ ಅದೇ ಹಿಡಿತ ಸಿಗುತ್ತದೆ.

ಕಣ್ಣೂರು ಬಸ್ಸು
ಪಿನ ಕೊಲಾಡ ಮಾತು ಬಂತಲ್ಲ, ಅದಕ್ಕೆ ಕೇಳುತ್ತೇನೆ. ಅನಾನಸಿನ ಜೊತೆ ಕಾಯಿಹಾಲಿನ ಬದಲು ಕ್ರೀಮ್ ಅಥವಾ ವೆನಿಲ್ಲಾ ಐಸ್‌ಕ್ರೀಮ್ ಹಾಕಬಹುದಾ? ನಮ್ಮ ಕಡೆ ಅನಾನಸು ಅಗ್ಗ.

ದುಬೈ ಕೌಂಟರ್, ಉಪ್ಪಳ
ಹಸಿ ಅನಾನಸಾದರೆ ಬೇಡ. ಎರಡು ತೊಂದರೆ. ಒಂದು ಹುಳಿ. ಇನ್ನೊಂದು ಅದರೊಳಗಿನ ಬ್ರೊಮೆಲಿನ್ ಎಂಬ ಕಿಣ್ವ. ಅದು ಹಾಲಿನ ಪ್ರೋಟೀನನ್ನು ತುಂಡು ಮಾಡುತ್ತದೆ, ಸ್ವಲ್ಪ ಹೊತ್ತಿಟ್ಟರೆ ಕಹಿ ಬರುತ್ತದೆ. ಅನಾನಸು ಬೆರೆಸಿ ಇಟ್ಟ ಮಿಲ್ಕ್‌ಶೇಕ್ ಕಹಿಯಾಗುವುದು ಹೀಗೇ. ಬಿಸಿ ಮಾಡಿದರೆ ಕಿಣ್ವ ಸಾಯುತ್ತದೆ. ಹಾಗಾಗಿ ರಸವನ್ನು ಒಂದು ಕುದಿ ಬರಿಸಿ ತಣಿಸಿ, ಇಲ್ಲ ಡಬ್ಬದ ರಸ ಬಳಸಿ. ಅದನ್ನು ಮೊದಲೇ ಬಿಸಿ ಮಾಡಿ ತುಂಬಿರುತ್ತಾರೆ. ಹುಳಿ ಮಾತ್ರ ಕುದಿಸಿದರೂ ಹೋಗುವುದಿಲ್ಲ. ಅದಕ್ಕೇ ಅನಾನಸಿಗೆ ಕಾಯಿಹಾಲೇ ಜೋಡಿ. ಬಿಳಿ ರಮ್ 50, ಕೋಕನಟ್ ಕ್ರೀಮ್ 30, ಅನಾನಸು ರಸ 50 ಎಂಎಲ್, ಐಸಿನ ಜೊತೆ ಮಿಕ್ಸಿ. ಪೋರ್ಟರಿಕೋದವರು 1978ರಲ್ಲಿ ಇದನ್ನು ತಮ್ಮ ರಾಷ್ಟ್ರೀಯ ಪಾನೀಯ ಅಂತ ಘೋಷಿಸಿಕೊಂಡಿದ್ದಾರೆ. ತೆಂಗು, ಅನಾನಸು ಎರಡೂ ನಮ್ಮ ಅಂಗಳದಲ್ಲೇ ಇದ್ದರೂ ನಾವು ಸುಮ್ಮನೆ ಕೂತೆವು ನೋಡಿ.

ಅಕ್ಕಲಕೋಟೆಯವ
ನಮಸ್ಕಾರ ರೀ ಎಲ್ಲರಿಗೂ. ಹಾಲು ಒಡೀತದ ಅಂತ ಇಷ್ಟು ಹೆದರಿಕೆ ಯಾಕೆ? ಮೊದಲೇ ಒಡೆದದ್ದನ್ನೇ ತಗೊಂಡರೆ ಆಯಿತಲ್ಲ!

ನಮ್ಮ ಸೊಲ್ಲಾಪುರ ಕಡೆ ಹಬ್ಬ ಅಂದರೆ ಶ್ರೀಖಂಡ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ ನೀರು ಇಳಿಸಿದರೆ ಉಳಿಯುವುದು ಚಕ್ಕಾ. ಅದು ಹುಳಿಗೇ ಹೆಪ್ಪಾದದ್ದು. ಅದಕ್ಕೆ ಮೇಲಿಂದ ಲಿಂಬೆ ಹಿಂಡಿದರೆ ಹೊಸದಾಗಿ ಒಡೆಯಲು ಏನೂ ಉಳಿದಿಲ್ಲ. ಗಂಟು ಅನ್ನುವುದನ್ನು ಮೊದಲೇ ತಿಕ್ಕಿ ನುಣ್ಣಗೆ ಮಾಡಿರುತ್ತೀವಿ.

ಎರಡು ದೊಡ್ಡ ಚಮಚ ಆಮ್ರಖಂಡ (ಚಕ್ಕಾಕ್ಕೆ ಸಕ್ಕರೆ, ಮಾವಿನ ರಸ ಸೇರಿಸಿದ ಶ್ರೀಖಂಡ), ಬಿಳಿ ರಮ್ 45 ಎಂಎಲ್, ಲಿಂಬೆರಸ ಒಂದು ಚಮಚ, ತಣ್ಣನೆ ನೀರು ಸ್ವಲ್ಪ, ಐಸ್. ಮುಚ್ಚಳ ಗಟ್ಟಿ ಇರುವ ಸ್ಟೀಲ್ ಬಾಟಲಿಯಲ್ಲಿ ಕುಲುಕಿ ಸೋಸಿದರೆ ಮುಗೀತು. ಕೇಸರಿ ಏಲಕ್ಕಿ ಅದರಲ್ಲೇ ಇರುತ್ತದೆ, ಬೇರೆ ಪಾಕ ಬೇಕಿಲ್ಲ. ಸಿಹಿ ಮತ್ತು ಹುಳಿ ಎರಡೂ ಇರುವುದರಿಂದ ಊಟ ಆದ ಮೇಲೆ ಇದು ಭಾರ ಅನ್ನಿಸೋದಿಲ್ಲ. ಕ್ರೀಮಿನ ಡ್ರಿಂಕು ಅರ್ಧ ಗ್ಲಾಸಿಗೇ ಸಾಕಪ್ಪಾ ಅನ್ನಿಸುತ್ತದೆ, ಇದು ಹಾಗಲ್ಲ.

ಮುಳ್ಳೇರಿಯ ಅಕ್ಕ
ಇದು ಭಾರೀ ಲಾಯ್ಕ! ಮಾವಿನ ಹಣ್ಣಿನ ಸಮಯಕ್ಕೆ ಮಾಡಿಯೇ ಮಾಡುತ್ತೇನೆ.

ಪೆರ್ಲದ ತೋಟ
ಉಪ್ಪಳದವರು ಕೋಕೋ ಪುಡಿ ಅಂದರು. ನಮ್ಮ ಅಡಿಕೆ ತೋಟದ ನಡುವೆ ಕೊಕ್ಕೋ ಗಿಡ ಇದೆ, ಹಸಿ ಬೀಜ ಕ್ಯಾಂಪ್ಕೋಗೆ ಕೊಡುತ್ತೇವೆ. ಅದನ್ನೇ ಒಣಗಿಸಿ ಪುಡಿ ಮಾಡಿದರೆ ಚಾಕಲೇಟ್ ಪಾಕ ಆಗುತ್ತದಾ ಅಂತ ಮಗ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಹಸಿ ಬೀಜ ಸುಮ್ನೆ ಒಣಗಿಸಿದರೆ ಬರುವುದು ಬರೀ ಕಹಿ, ಚೊಗರು. ಲೋಳೆಯ ಸಮೇತ ರಾಶಿ ಹಾಕಿ ಐದಾರು ದಿನ ಹುಳಿ ಬರಿಸಬೇಕು, ನಡುವೆ ಮಗುಚಬೇಕು. ಆಗ ಒಳಗೆ ಚಾಕಲೇಟ್ ಪರಿಮಳಕ್ಕೆ ಬೇಕಾದದ್ದು ತಯಾರಾಗುತ್ತದೆ. ಆಮೇಲೆ ಬಿಸಿಲಿನಲ್ಲಿ ಒಣಗಿಸಿ ಹುರಿದಾಗ ಆ ಪರಿಮಳ ಹೊರಗೆ ಬರುತ್ತದೆ. ಸ್ವಲ್ಪವೇ ಬೀಜ ಇದ್ದರೆ ರಾಶಿಗೆ ಬಿಸಿ ಏರುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಒಂದು ರಾತ್ರಿಯ ಪಾರ್ಟಿಗೆ ಇಷ್ಟು ರಗಳೆ ಯಾಕೆ? ಪುತ್ತೂರಿನಲ್ಲಿ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ 1986ರಿಂದ ಇದೆ. ನಮ್ಮದೇ ಬೀಜ ಅಲ್ಲಿಗೆ ಹೋಗಿ ಬರುತ್ತದೆ ಅಂತ ತಿಳಿದು ಪುಡಿ ಪ್ಯಾಕೆಟ್ ತನ್ನಿ.

ಜಾಯಿಕಾಯಿ ಮಾತ್ರ ಅಂಗಡಿಯದ್ದು ಬೇಡ. ತೋಟದಲ್ಲಿ ಮರ ಇದ್ದವರ ಹತ್ತಿರ ಒಂದು ಇಡೀ ಕಾಯಿ ಕೇಳಿ ತನ್ನಿ, ಕೊಡುವಾಗಲೇ ತುರಿಯಿರಿ. ಪುಡಿ ಮಾಡಿಟ್ಟದ್ದಕ್ಕೆ ಆ ಪರಿಮಳ ಇಲ್ಲ. ಜಾಸ್ತಿ ಹಾಕಲೂಬಾರದು, ಎರಡು ಸಲ ಉಜ್ಜಿದರೆ ಸಾಕು.

ಬೇಕಲ ಕೋಟೆ ಬದಿ
ಮನೆಯಲ್ಲೇ ಬೈಲೀಸ್ ಥರದ್ದು ಮಾಡಬಹುದು ಅಂತ ಕೇಳಿದ್ದೇನೆ. ಮೊಟ್ಟೆ ಹಾಕಬೇಕಾ? ಎಷ್ಟು ದಿನ ಉಳಿಯುತ್ತದೆ?

ದುಬೈ ಕೌಂಟರ್, ಉಪ್ಪಳ
ಹಸಿ ಮೊಟ್ಟೆ ಬೇಡ, ಸಾಲ್ಮೊನೆಲ್ಲಾ ಭಯ. ರುಚಿಗೂ ಬೇಕಾಗಿಲ್ಲ.

ಒಂದು ಡಬ್ಬ ಮಿಲ್ಕ್‌ಮೇಡ್, ಅದು ಸುಮಾರು 300 ಎಂಎಲ್ ಬರುತ್ತದೆ. 250 ಎಂಎಲ್ ಕ್ರೀಮ್. 300 ಎಂಎಲ್ ವಿಸ್ಕಿ. ಒಂದು ಚಮಚ ಇನ್‌ಸ್ಟಂಟ್ ಕಾಫಿ ಪುಡಿ, ಒಂದು ಚಮಚ ಕೋಕೋ, ಸ್ವಲ್ಪ ವೆನಿಲ್ಲಾ. ಕಾಫಿ, ಕೋಕೋವನ್ನು ಎರಡು ಚಮಚ ಬಿಸಿನೀರಿನಲ್ಲಿ ಕರಗಿಸಿ ಮಿಲ್ಕ್‌ಮೇಡಿಗೆ ಸೇರಿಸಿ. ಆಮೇಲೆ ವಿಸ್ಕಿಯನ್ನು ನೂಲಿನ ಹಾಗೆ ಸುರಿಯುತ್ತಾ ಕಲಕಿ, ಕೊನೆಗೆ ಕ್ರೀಮ್. ಮಿಕ್ಸಿಯಲ್ಲಿ ಜೋರಾಗಿ ತಿರುಗಿಸಬೇಡಿ, ಬೆಣ್ಣೆ ಬರುತ್ತದೆ.

ವಿಸ್ಕಿ 42.8 ಶೇಕಡಾ ಆದ್ದರಿಂದ ಈ ಮಿಶ್ರಣದಲ್ಲಿ ಆಲ್ಕೋಹಾಲ್ 15 ಶೇಕಡಾ ಬರುತ್ತದೆ. ಅಸಲಿ ಬೈಲೀಸ್ 17. ಅದು 1974ರಲ್ಲಿ ಐರ್ಲೆಂಡಿನಿಂದ ಮಾರುಕಟ್ಟೆಗೆ ಬಂದದ್ದು. ಕಾರ್ಖಾನೆಯಲ್ಲಿ ಕೊಬ್ಬನ್ನು ಬಹಳ ಸಣ್ಣ ಕಣ ಮಾಡಿ ಬೆರೆಸುವುದರಿಂದ ಅದು ಹೊರಗಿಟ್ಟರೂ ಬೇರೆಯಾಗುವುದಿಲ್ಲ. ನಮ್ಮದು ಹಾಗಲ್ಲ. ಫ್ರಿಜ್ಜಿನಲ್ಲೇ ಇಡಿ, ಒಂದು ವಾರದೊಳಗೆ ಮುಗಿಸಿ. ಮೇಲೆ ಕೆನೆ ಕಟ್ಟಿದರೆ ಕುಲುಕಿದರಾಯಿತು, ಹುಳಿ ವಾಸನೆ ಬಂದರೆ ಚೆಲ್ಲಿ.

ವಿಸ್ಕಿ ಬಗ್ಗೆ ಒಂದು ಮಾತು. ನಮ್ಮಲ್ಲಿಯ ಅಗ್ಗದ ವಿಸ್ಕಿಗಳಲ್ಲಿ ಹೆಚ್ಚಿನವು ಕಬ್ಬಿನ ಕಾಕಂಬಿಯ ಸ್ಪಿರಿಟ್ ಬೆರೆಸಿದವು. ಇಷ್ಟು ಸಿಹಿಯ ಒಳಗೆ ದುಬಾರಿ ಮಾಲ್ಟ್ ಹಾಕುವುದೂ ದಂಡ. ನಡುಮಟ್ಟದ್ದು ಸಾಕು. ಬೆಲ್ಲದ ಡ್ರಿಂಕಿಗಂತೂ ರಮ್ಮೇ ಸರಿ, ಬೆಲ್ಲವೂ ಕಬ್ಬು, ರಮ್ಮೂ ಕಬ್ಬು.

ಹೊಸೂರು ಫಿಲ್ಟರ್
ರಮ್ಮಿಗಿಂತ ಬ್ರಾಂಡಿ ಪೆರಟಿಗೆ ಹೊಂದುತ್ತದೆ ಅಂತ ನನಗನ್ನಿಸುತ್ತದೆ. ಹಲಸಿನ ಪರಿಮಳವೇ ಜೋರು, ಅದರ ಮೇಲೆ ಕಪ್ಪು ರಮ್ ಬಿದ್ದರೆ ಎರಡೂ ಜಗಳ ಆಡುತ್ತವೆ.

ಮುಳ್ಳೇರಿಯ ಅಕ್ಕ
ಆಡಲಿ ಬಿಡಿ. ಹಲಸು ಅಂದ ಮೇಲೆ ಗಲಾಟೆ ಇರಬೇಕು. ಕೇರಳ ಸರಕಾರ 2018ರಲ್ಲಿ ಅದನ್ನು ರಾಜ್ಯದ ಹಣ್ಣು ಮಾಡಿದ್ದು ಸುಮ್ನೆ ಅಲ್ಲ. ಬ್ರಾಂಡಿಯಲ್ಲಿ ಮಾಡಿದರೆ ಸಾದಾ ಆಗುತ್ತದೆ, ನನ್ನ ಮನೆಯವರು ಪಾಯಸವನ್ನೇ ಕೊಡು ಅಂದರು.

ಬದಿಯಡ್ಕ ನರ್ಸ್
ಎಲ್ಲರೂ ರುಚಿ ಹೇಳಿದಿರಿ, ನಾನು ಲೆಕ್ಕ ಹೇಳುತ್ತೇನೆ. ಅಕ್ಕನ ಅಳತೆಯಲ್ಲಿ ಒಂದು ಗ್ಲಾಸಿಗೆ 37 ಎಂಎಲ್ ಚಿಲ್ಲರೆ ರಮ್. ಅಂದರೆ ಒಂದು ಸ್ಮಾಲಿಗಿಂತ (30 ಎಂಎಲ್) ಸ್ವಲ್ಪ ಜಾಸ್ತಿ. ಆಲ್ಕೋಹಾಲ್ ಸುಮಾರು 12, 13 ಗ್ರಾಂ. ಅಕ್ಕಲಕೋಟೆಯವರದ್ದರಲ್ಲಿ 15 ಗ್ರಾಂ. ಗ್ಲಾಸ್ ಸಣ್ಣದು ಅಂತ ಲೆಕ್ಕ ಬಿಡಬೇಡಿ. ಸಿಹಿ, ಕೊಬ್ಬು ಎರಡೂ ಸೇರಿದರೆ ಖಾರ ಗೊತ್ತಾಗುವುದಿಲ್ಲ, ಜನ ಪಾಯಸದ ಹಾಗೆ ಮತ್ತೊಮ್ಮೆ ಬಡಿಸಿಕೊಳ್ಳುತ್ತಾರೆ. ಊಟದ ಮೊದಲು ಬೇರೆ ಕುಡಿದಿದ್ದರೆ ಅದರ ಮೇಲೆ ಇದು.

ಬೈಕ್ ತಂದವರ ಚಾವಿ ಮೊದಲೇ ತೆಗೆದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ಸುಲಿನ್ ಅಥವಾ ಮಾತ್ರೆಯ ಮೇಲೆ ಇದು ಕೊಡಬೇಡಿ, ಒತ್ತಾಯವಂತೂ ಬೇಡವೇ ಬೇಡ.

ಕುಡಿಯದವರಿಗೆ ರಮ್ ಹಾಕುವ ಮೊದಲೇ ಒಂದು ಪಾಲು ಬೇರೆ ತೆಗೆದು ಇನ್ನೊಂದು ಪಾತ್ರೆಯಲ್ಲಿಡಿ. ಗ್ಲಾಸಿನ ಆಕಾರವೂ ಬೇರೆ ಇರಲಿ, ಕತ್ತಲೆಯಲ್ಲಿ ಅದಲು ಬದಲು ಆಗುವುದು ಬೇಡ.

ನೀರ್ಚಾಲು ಅಡುಗೆ ಭಟ್ರು
ರಮ್ಮಿಲ್ಲದ ಪಾಲಿಗೆ ಒಂದು ಹನಿ ಶುಂಠಿ ರಸ, ಒಂದೆರಡು ಕಾಳುಮೆಣಸು ಜಜ್ಜಿ ಹಾಕಿ. ಗಂಟಲಿಗೆ ಬಿಸಿ ತಾಗುತ್ತದೆ, ಬರೀ ಸಿಹಿ ಅನ್ನಿಸುವುದಿಲ್ಲ. ಸಿಪಿಸಿಆರ್‌ಐಯ ಕಲ್ಪರಸ ಸಿಕ್ಕಿದರೆ ನೀರಿನ ಬದಲು ಅದನ್ನೇ ಸೇರಿಸಬಹುದು. ಐಸ್ ತುಂಬಿದ ಪೆಟ್ಟಿಗೆಯಲ್ಲಿ ಇಳಿಸಿದ ತೆಂಗಿನ ರಸ ಅದು, ಹುಳಿ ಬಂದಿರುವುದಿಲ್ಲ, ಅಮಲೂ ಇಲ್ಲ. ತಣ್ಣಗೇ ಇಟ್ಟುಕೊಳ್ಳಬೇಕು, ಹೊರಗಿಟ್ಟರೆ ಕಳ್ಳಾಗುತ್ತದೆ.

ಇನ್ನೊಂದು, ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ಅನ್ನಿಸುತ್ತದೆ. ಹಾಗಾಗಿ ಬಿಸಿಯಲ್ಲಿ ರುಚಿ ನೋಡುವಾಗ ಒಂದು ಚೂರು ಜಾಸ್ತಿ ಸಿಹಿ ಇರಲಿ.

ಮೀಂಜದ ಮೇಷ್ಟ್ರು
ಭಟ್ರೇ, ಆ ಕಾಳುಮೆಣಸಿನ ಪಾಲಿನ ಅಳತೆ ಸ್ವಲ್ಪ ಬಿಡಿಸಿ ಬರೆಯಿರಿ.

ನೀರ್ಚಾಲು ಅಡುಗೆ ಭಟ್ರು
ಎರಡು ಗ್ಲಾಸಿಗೆ ನಾಲ್ಕು ಕಾಳು ಮೇಷ್ಟ್ರೇ, ಕಾಲು ಚಮಚ ಶುಂಠಿ ರಸ. ಸೋಸಿ ಹಾಕಿ.

ಕುಂಬ್ಳೆ ಕಡಲು
ಎಲ್ಲರಿಗೂ ಧನ್ಯವಾದ. ನಾನು ಲೆಕ್ಕ ಹಾಕಿದ್ದು ಹೀಗೆ: ಹೆಚ್ಚಿನವರಿಗೆ ಅಕ್ಕನ ಪೆರಟಿ ರಮ್ ಒಂದೊಂದು ಗ್ಲಾಸ್. ಹಲಸು ಆಗದವರು ಇಬ್ಬರಿದ್ದಾರೆ, ಅವರಿಗೆ ಕೋಕೋ ಪಾಕದ ಬ್ರಾಂಡಿ. ಕುಡಿಯದ ಒಬ್ಬನಿಗೆ ಭಟ್ರ ಕಾಳುಮೆಣಸಿನದ್ದು. ಎರಡನೇ ರೌಂಡ್ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ನಮ್ಮಲ್ಲೇ ಮಲಗುತ್ತಾರೆ. ಪೆರಟಿಗೆ ಅಮ್ಮ ತುಪ್ಪ ಹಾಕಿಲ್ಲವಂತೆ, ಕೇಳಿದೆ.

ಒಂದೇ ಸಂಶಯ ಉಳಿದದ್ದು. ನಮ್ಮ ಮಿಕ್ಸಿಯ ಜಾರಿಗೆ ಐಸ್ ತುಂಡು ಹಾಕಿದರೆ ಬ್ಲೇಡ್ ಹಾಳಾಗುತ್ತದೆ ಅಂತ ಮನೆಯಲ್ಲಿ ಜಗಳ.

ಮುಳ್ಳೇರಿಯ ಅಕ್ಕ
ಐಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒನಕೆಯಿಂದಲೋ ಗುಂಡುಕಲ್ಲಿನಿಂದಲೋ ಎರಡು ಏಟು ಹಾಕಿ, ಪುಡಿಯಾದ ಮೇಲೆ ಜಾರಿಗೆ. ಚಟ್ನಿ ಜಾರ್ ಬೇಡ, ದೊಡ್ಡದು ತಗೊಳ್ಳಿ. ಅದರಲ್ಲಿ ಬೆಳ್ಳುಳ್ಳಿ ಅರೆದಿದ್ದರೆ ಹಿಂದಿನ ದಿನವೇ ಕಡಲೆಹಿಟ್ಟು ಹಾಕಿ ತೊಳೆದಿಡಿ.

ನಿರ್ವಾಹಕ
ಜನವರಿ ಒಂದನೇ ತಾರೀಕು ಇಲ್ಲಿ ಕೇರಳದಲ್ಲಿ ಡ್ರೈ ಡೇ (ಮದ್ಯದಂಗಡಿ ಬಂದ್), ಎಲ್ಲ ತಿಂಗಳ ಒಂದರ ಹಾಗೆ. 31ರ ಸಂಜೆ ಅಂಗಡಿಯಲ್ಲಿ ಕ್ಯೂ ಎಷ್ಟಿರುತ್ತದೆ ಅಂತ ಹೇಳಬೇಕಾಗಿಲ್ಲ. ಬೇಕಾದ್ದನ್ನು 29, 30ಕ್ಕೇ ಬಿಲ್ ಸಮೇತ ತಂದಿಟ್ಟುಕೊಳ್ಳಿ.